ಡಬ್ಬಿಗೂ ಮೊದಲು ನೋಟ್‌ಬುಕ್

ಪೀಣ್ಯದಲ್ಲಿ ಶಿಫ್ಟ್ ಮುಗಿಸಿ, ನಾಗಸಂದ್ರದಲ್ಲಿ ಮೆಟ್ರೊ ಇಳಿದು ಸೀದಾ ಜಿಮ್‌ಗೆ ಹೋಗೋ ಹುಡುಗರನ್ನ ಕಂಡ್ರೆ ಖುಷಿಯಾಗುತ್ತೆ. ಆದ್ರೆ ಯಾರೋ ಹೇಳಿದ್ರು ಅಂತ ಸಂಬಳದಲ್ಲಿ ದೊಡ್ಡ ಪಾಲು ಪ್ರೋಟೀನ್ ಡಬ್ಬಿಗೆ ಸುರಿಯೋದು ನೋಡಿದ್ರೆ ಸಂಕಟ.

ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅನ್ನುತ್ತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಭಾರ ಎತ್ತೋರಿಗೆ ಹೆಚ್ಚು ಬೇಕು, ನಿಜ. ಆದ್ರೂ ಕೆಜಿಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ ಅಂತ 2018ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸಿದವರು ಬರೆದಿದ್ದಾರೆ. ಮೊಟ್ಟೆ, ಹುರುಳಿಕಾಳು, ಕಡಲೆಕಾಯಿ, ಮೊಸರು ಬಹಳಷ್ಟು ದೂರ ಕರೆದೊಯ್ಯುತ್ತವೆ. 2024ರ ಮೇನಲ್ಲಿ ಬಂದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದೆ.

ಡಬ್ಬಿ ಕೊಳ್ಳೋ ಮೊದಲು ಒಂದು ನೋಟ್‌ಬುಕ್ ಇಡಿ. ಎತ್ತಿದ ತೂಕ, ಎಷ್ಟು ಸಲ, ರಾತ್ರಿ ನಿದ್ದೆ, ಅಷ್ಟೇ ಬರೀರಿ. ದೇಹತೂಕ ದಿನಕ್ಕೆ ಒಂದೆರಡು ಕೆಜಿ ಏರಿಳಿಯೋದು ನೀರು, ಉಪ್ಪಿನಿಂದ; ವಾರದ ಸರಾಸರಿ ನೋಡಿ. ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚೋದು ಬಹುತೇಕ ನರಗಳು ಪಳಗೋದ್ರಿಂದ. ಕನ್ನಡಿಗೆ ಅದು ತಡವಾಗಿ ಗೊತ್ತಾಗುತ್ತೆ, ಬೇಜಾರಾಗಬೇಡಿ.

ಟ್ರೇನರ್ ಹೊಸ ಪ್ಯಾಕೇಜ್ ಹೇಳಿದ್ರೆ, "ಸರ್, ಇದ್ರಿಂದ ನನ್ ಪುಸ್ತಕದಲ್ಲಿ ಯಾವ ನಂಬರ್ ಬದಲಾಗುತ್ತೆ, ಯಾವಾಗ?" ಅಂತ ಮರ್ಯಾದೆಯಿಂದಲೇ ಕೇಳಿ. ದುಡ್ಡು ಕೊಡೋದು ಆಮೇಲೆ.