ಹತ್ತು ಗಂಟೆಯ ಹೂ

ಕಾಲೇಜಿನಲ್ಲಿ ನನ್ನ ಮೊದಲ ತರಗತಿ ಹತ್ತು ಗಂಟೆಗೆ. ನಮ್ಮ ಅಂಗಳದಲ್ಲಿ ಅದೇ ಹೊತ್ತಿಗೆ ಕೆಲಸಕ್ಕೆ ಹಾಜರಾಗುವ ಇನ್ನೊಬ್ಬರಿದ್ದಾರೆ: ನೆಲಕ್ಕೆ ಅಂಟಿಕೊಂಡು ಹಬ್ಬುವ ಹತ್ತು ಗಂಟೆ ಹೂವಿನ ಗಿಡ. ಬಿಸಿಲೇರಿದಾಗ ಅರಳುತ್ತದೆ, ಬಿಸಿಲಿಳಿದರೆ ಮುಚ್ಚಿಕೊಳ್ಳುತ್ತದೆ. ಮೋಡ ಕವಿದ ದಿನ ರಜೆ. ಈ ಒಂದು ವಿಷಯದಲ್ಲಿ ಅದು ನನ್ನ ವಿದ್ಯಾರ್ಥಿಗಳ ಪಂಗಡ.

ಅದು ನಂಜನಗೂಡಿಗೆ ಬಂದದ್ದು ಅಮ್ಮನ ಜೊತೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ತಿರುಮಕೂಡಲು ನರಸೀಪುರದ ಮನೆಗೆ ಬೀಗ ಹಾಕಿ ಆಕೆಯನ್ನು ಕರೆತಂದೆ. ಕಪಿಲೆ ಇಲ್ಲಿಂದ ಹರಿದು ಅಲ್ಲಿ ಕಾವೇರಿಯನ್ನು ಸೇರುತ್ತಾಳೆ; ಎಪ್ಪತ್ತು ದಾಟಿದ ಅಮ್ಮ ಹೊಳೆಗೆ ಎದುರಾಗಿ ಬಂದಳು. ಕೈಯಲ್ಲಿ, ಅಪ್ಪನ ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿದ ನಾಲ್ಕು ಕಡ್ಡಿಗಳಿದ್ದವು.

ಇಬ್ಬರನ್ನೂ ನಾನು ಬಹಳ ಚೆನ್ನಾಗಿ ನೋಡಿಕೊಂಡೆ. ಕಡ್ಡಿಗಳನ್ನು ಸೀಬೆಮರದ ನೆರಳಿನಲ್ಲಿ ಗೊಬ್ಬರ ಹಾಕಿ ನೆಟ್ಟು ಎರಡು ಹೊತ್ತೂ ನೀರೆರೆದೆ. ಅಮ್ಮನಿಗೆ, ಒಲೆಯ ಹತ್ತಿರ ಹೋಗಬೇಡ, ಬಗ್ಗಬೇಡ, ಮಧ್ಯಾಹ್ನ ಮಲಗು ಎಂದೆ. ತಿಂಗಳೊಳಗೆ ಕಡ್ಡಿಗಳು ಬುಡದಲ್ಲಿ ಕೊಳೆತವು. ಅಮ್ಮ ಮಾತು ಕಡಿಮೆ ಮಾಡಿದಳು.

ಒಂದು ದಿನ ನೋಡಿದರೆ, ಕೊಳೆಯದೆ ಉಳಿದ ತುದಿಗಳನ್ನು ಚಿವುಟಿ, ಗೇಟಿನ ಪಕ್ಕದ ಜಲ್ಲಿಮಣ್ಣಿನಲ್ಲಿ ಸಿಕ್ಕಿಸುತ್ತಿದ್ದಾಳೆ. ಉರಿಬಿಸಿಲು.

“ಅಲ್ಲೇನು ಬದುಕುತ್ತಮ್ಮ?” ಎಂದೆ.

“ಎಲೆ ನೋಡೋ, ಗೋಣಿಸೊಪ್ಪಿನ ಹಾಗೆ ನೀರು ತುಂಬಿಕೊಂಡಿದೆ. ಅದಕ್ಕೆ ಬೇಕಾದ್ದು ಅದರ ಹತ್ತಿರವೇ ಇದೆ. ನೀನು ಸುಮ್ಮನಿರು.”

ಗೋಣಿಸೊಪ್ಪು ಇದರ ದಾಯಾದಿಯೇ ಎಂದು ಸಸ್ಯಶಾಸ್ತ್ರದ ಮಿತ್ರರು ಆಮೇಲೆ ಹೇಳಿದರು. ಗಿಡದ ತವರು ದಕ್ಷಿಣ ಅಮೆರಿಕ ಎಂದೂ ಹೇಳಿದರು. ಅಮ್ಮ ಒಪ್ಪಲಿಲ್ಲ, “ಇದು ನರಸೀಪುರದ್ದು” ಎಂದಳು.

ನಾನು ಸುಮ್ಮನಾದೆ. ಗಿಡ ಹಬ್ಬಿ ಗುಲಾಬಿ, ಹಳದಿ ಹೂಗಳನ್ನು ಹಾಸಿತು. ನಮ್ಮೂರಿಗೆ ಹೆಸರು ತಂದ ರಸಬಾಳೆ ಎಷ್ಟು ಆರೈಕೆ ಮಾಡಿದರೂ ಸೊರಗುರೋಗಕ್ಕೆ ಬಲಿಯಾಗುತ್ತದೆ. ಇದಕ್ಕೆ ಆರೈಕೆಯೇ ರೋಗ. ವರ್ಷದೊಳಗೆ ಗಿಡ ಮುಗಿಯಿತು. ಆದರೆ ಉದುರಿದ್ದ ಧೂಳಿನಂಥ ಬೀಜ ಮುಂದಿನ ಮಳೆಗೆ ತಾನೇ ಮೊಳೆಯಿತು. ಅಷ್ಟು ಹೊತ್ತಿಗೆ ಅಡಿಗೆಮನೆ ಅಮ್ಮನ ವಶವಾಗಿತ್ತು. ಒಂದು ದಿನ ನರಸೀಪುರದ ಬೀಗದ ಕೈಯನ್ನೂ ಕೇಳಿ ಇಸಿದುಕೊಂಡಳು.

ಈಗ ತಿಂಗಳಿಗೊಮ್ಮೆ ಒಬ್ಬಳೇ ಬಸ್ಸು ಹತ್ತಿ ಹೋಗಿ, ಮನೆ ಗುಡಿಸಿ, ಎರಡು ರಾತ್ರಿ ಇದ್ದು ಬರುತ್ತಾಳೆ. ಆ ದಿನಗಳಲ್ಲಿ ಪಾಠದ ಮೇಲೆ ನನ್ನ ಮನಸ್ಸು ನಿಲ್ಲುವುದಿಲ್ಲ. ಸಂಜೆ ಬಂದವನೇ ಚೊಂಬಿನಲ್ಲಿ ನೀರು ಹಿಡಿದು ಗೇಟಿನ ಬಳಿ ಹೋಗುತ್ತೇನೆ. ಹೂಗಳು ಮುಚ್ಚಿಕೊಂಡಿರುತ್ತವೆ. ಸ್ವಲ್ಪ ಹೊತ್ತು ನಿಂತು, ನೀರನ್ನು ಸೀಬೆಮರಕ್ಕೆ ಸುರಿದು ಒಳಗೆ ಬರುತ್ತೇನೆ.