ಮಧ್ಯಾಹ್ನ ಎರಡರ ನಂತರ ಗಾಳವಿಲ್ಲ

ವೆಸ್ಟ್ ಯೆಲ್ಲೊಸ್ಟೋನ್, ಮೊಂಟಾನಾ
ಆಗಸ್ಟ್ ಎರಡನೇ ವಾರ

ಪ್ರೀತಿಯ ಅಣ್ಣನಿಗೆ,

ಮಗಳಿಗೆ ಇನ್ನೂ ರಜೆ ಇದೆ, ಹಾಗಾಗಿ ಬೋಝ್‌ಮನ್‌ನಿಂದ ಹೊರಟು ಈ ಊರಿಗೆ ಬಂದು ಉಳಿದಿದ್ದೇವೆ. ಬೇಸಿಗೆಯಲ್ಲಿ ಅಲ್ಲಿಯ ಹೊಳೆಗಳಲ್ಲಿ ಮೀನು ಬೀಳುತ್ತದೆಯೇ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಬೀಳುತ್ತದೆ. ಆದರೆ ಯಾವ ಹೊಳೆಗೆ ಹೋಗಬೇಕು, ಎಷ್ಟು ಹೊತ್ತಿಗೆ ಗಾಳ ಸುತ್ತಿ ಎದ್ದು ಬರಬೇಕು ಎನ್ನುವುದನ್ನು ತೀರ್ಮಾನಿಸುವುದು ನೀರಿನ ಬಿಸಿ. ಇಲ್ಲಿಯವರ ಜೇಬಿನಲ್ಲಿ ದಾರ ಕತ್ತರಿಸುವ ಕತ್ತರಿಯ ಜೊತೆಗೆ ಒಂದು ಥರ್ಮಾಮೀಟರೂ ಇರುತ್ತದೆ.

ಇವರದು ಫ್ಲೈ ಫಿಶಿಂಗ್. ನಾವು ಎರೆಹುಳು ಚುಚ್ಚಿ, ಸೀಸದ ಗುಂಡು ಕಟ್ಟಿ ಎಸೆಯುತ್ತಿದ್ದೆವಲ್ಲ. ಇಲ್ಲಿ ಕೊಕ್ಕೆಯ ಮೇಲೆ ನೂಲು, ಗರಿ, ಜಿಂಕೆಯ ಕೂದಲು ಸುತ್ತಿ ಹುಳುವಿನ ಹಾಗೆ ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ. ದಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಆ ದಾರದ ತೂಕದಿಂದಲೇ ಹುಳುವನ್ನು ದೂರ ಕಳಿಸಬೇಕು. ಕಟ್ಟಿದ ಹುಳು ನಿಜದ ಹುಳುವನ್ನು ಹೋಲಬೇಕು, ಹಾಗಾಗಿ ನೀರಿನ ಮೇಲೆ ಆ ಹೊತ್ತಿಗೆ ಯಾವ ಹುಳು ಏಳುತ್ತಿದೆ ಎಂದು ತಿಳಿಯದೆ ಇಲ್ಲಿ ಏನೂ ನಡೆಯುವುದಿಲ್ಲ. ಜೂನ್ ಪೂರ್ತಿ ಹಿಮ ಕರಗಿದ ಕೆನ್ನೀರು. ತಿಂಗಳ ಕೊನೆಗೆ ನೀರು ತಿಳಿಯಾಗುತ್ತಾ ಬರುವಾಗ ಸಾಲ್ಮನ್‌ಫ್ಲೈ ಎಂಬ ದೊಡ್ಡ ಹುಳು ಏಳುತ್ತದೆ. ಆಗಸ್ಟಿನಲ್ಲಿ ದಡದ ಹುಲ್ಲಿನಿಂದ ಗಾಳಿಗೆ ಹಾರಿ ಬೀಳುವ ಮಿಡತೆಗಳದೇ ರಾಜ್ಯ.

ಈಗ ಚೆನ್ನಾಗಿರುವುದು ಹೆಬ್‌ಗೆನ್ ಸರೋವರ, ಅದೂ ಬೆಳಗಿನ ಹೊತ್ತು. ಸಮುದ್ರಮಟ್ಟದಿಂದ ಸುಮಾರು 6,500 ಅಡಿ ಎತ್ತರ, ಆಗಸ್ಟಿನಲ್ಲೂ ಬೆಳಿಗ್ಗೆ ಸ್ವೆಟರ್ ಬೇಕು. ಗಾಳಿಯಿಲ್ಲದೆ ನೀರು ನಿಂತಿರುವಾಗ ಟ್ರೈಕೊ ಎಂಬ, ಎಳ್ಳುಕಾಳಿಗಿಂತ ತುಸು ದೊಡ್ಡ ಹುಳುಗಳು ರಾಶಿರಾಶಿಯಾಗಿ ಸತ್ತು ನೀರಿನ ಮೇಲೆ ಬೀಳುತ್ತವೆ. ಟ್ರೌಟ್ ಮೀನುಗಳು ಒಂದೇ ದಿಕ್ಕಿಗೆ ಈಜುತ್ತಾ, ಬಾಯಿ ತೆರೆದು ಗುಳುಂ ಗುಳುಂ ಎಂದು ನುಂಗುತ್ತವೆ. ಮೀನು ಮುಂದೆ ಎಲ್ಲಿ ಏಳುತ್ತದೆಂದು ಅಂದಾಜಿಸಿ ಅದರ ದಾರಿಯಲ್ಲಿ ಹುಳು ಇಡಬೇಕು; ಎದ್ದ ಜಾಗಕ್ಕೇ ಎಸೆದರೆ ಅದು ಆಗಲೇ ದಾಟಿರುತ್ತದೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಮುಗಿಯಿತು. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಭಯವೂ ಉಂಟು. ಕಾರ್ಬನ್ ಕೋಲು ಹಿಡಿದು ಬಯಲು ನೀರಿನಲ್ಲಿ ನಿಲ್ಲಬಾರದು.

ಹೆಬ್‌ಗೆನ್ ಅಣೆಕಟ್ಟಿನ ಕೆಳಗೆ ಮ್ಯಾಡಿಸನ್ ನದಿ ಸ್ವಲ್ಪ ದೂರ ಹರಿದು ಇನ್ನೊಂದು ಕೆರೆ ಸೇರುತ್ತದೆ. ಅದರ ಹೆಸರು ಕ್ವೇಕ್ ಲೇಕ್. 1959ರ ಆಗಸ್ಟ್ 17ರ ನಡುರಾತ್ರಿಗೆ ಸ್ವಲ್ಪ ಮುಂಚೆ ಆದ ಭೂಕಂಪದಲ್ಲಿ ಒಂದು ಗುಡ್ಡದ ಪಕ್ಕವೇ ಜಾರಿ ಬಿದ್ದು ನದಿಯನ್ನು ಕಟ್ಟಿಹಾಕಿತು. ದಡದಲ್ಲಿ ಡೇರೆ ಹಾಕಿ ಮಲಗಿದ್ದವರೂ ಸೇರಿ 28 ಜನ ಸತ್ತರು. ಅಂದು ಮುಳುಗಿದ ಮರಗಳ ಬೋಳು ಕಾಂಡಗಳು ಇಂದಿಗೂ ನೀರಿನ ಮೇಲೆ ನಿಂತಿವೆ, ಅವುಗಳ ಬುಡದಲ್ಲಿ ಟ್ರೌಟ್ ಇರುತ್ತವೆ. ಅಲ್ಲಿ ಗಾಳ ಹಾಕಲು ನನಗೆ ಮನಸ್ಸಾಗಲಿಲ್ಲ. ನೋಡಿ ಬಂದೆವು.

ಇನ್ನು ಬಿಸಿಯ ವಿಷಯ. ಇದೇ ಮ್ಯಾಡಿಸನ್ ಕೆಳಗೆ ಎನ್ನಿಸ್ ಎಂಬಲ್ಲಿ ಆಳವಿಲ್ಲದ ಜಲಾಶಯದಲ್ಲಿ ನಿಂತು ಬಿಸಿಯಾಗುತ್ತದೆ. ಅದರ ಕೆಳಗಿನ ನದಿ ಜುಲೈನಲ್ಲಿ ಬೋಝ್‌ಮನ್ ಹುಡುಗರು ಟ್ಯೂಬಿನಲ್ಲಿ ತೇಲಲು ಚೆನ್ನ, ಟ್ರೌಟ್‌ಗೆ ಕಷ್ಟ. ಮೇಲೆ ಯೆಲ್ಲೊಸ್ಟೋನ್ ಪಾರ್ಕಿನೊಳಗಿನ ಫೈರ್‌ಹೋಲ್ ನದಿಗೆ ಬಿಸಿನೀರಿನ ಬುಗ್ಗೆಗಳೇ ಸೇರುತ್ತವೆ. ಸುಡುಬೇಸಿಗೆಯಲ್ಲಿ ಅಲ್ಲಿಯ ಮೀನು ತಣ್ಣನೆಯ ಸಣ್ಣ ಹಳ್ಳಗಳ ಬಾಯಿಗೆ ಬಂದು ಗುಂಪುಗಟ್ಟುತ್ತವೆ. ಹಾಗೆ ಗುಂಪುಗಟ್ಟಿದ ಮೀನಿಗೆ ಗಾಳ ಹಾಕುವುದು ಸುಲಭ. ಆದ್ದರಿಂದಲೇ ಬಿಸಿ ಹೆಚ್ಚಾದಾಗ ಪಾರ್ಕಿನವರು ಆ ನದಿಯನ್ನು ಮುಚ್ಚುತ್ತಾರೆ.

ಕಾರಣ ಸರಳ. ಹತ್ತು ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಹನ್ನೊಂದು ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಇಪ್ಪತ್ಮೂರು ಡಿಗ್ರಿಯಲ್ಲಿ ಎಂಟೂವರೆಯಷ್ಟೇ. ಈ ಎತ್ತರದಲ್ಲಿ ಅದಕ್ಕಿಂತಲೂ ಕಡಿಮೆ. ಅದೇ ಬಿಸಿಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಎಳೆದಾಡಿದ ಟ್ರೌಟನ್ನು ಎಷ್ಟು ನಯವಾಗಿ ಬಿಟ್ಟರೂ, ನಮ್ಮ ಕಣ್ಣೆದುರು ಈಜಿ ಹೋದದ್ದು ಆಮೇಲೆ ಕಲ್ಲಿನ ಸಂದಿಯಲ್ಲಿ ಸಾಯಬಹುದು. ಹಾಗಾಗಿ ಮೊಂಟಾನಾದ ಮೀನುಗಾರಿಕೆ, ವನ್ಯಜೀವಿ ಇಲಾಖೆಯ ನಿಯಮವೊಂದಿದೆ: ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 23 ಸೆಲ್ಸಿಯಸ್ ಮುಟ್ಟಿದರೆ, ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಆ ಹೊಳೆಯಲ್ಲಿ ಗಾಳ ಹಾಕುವುದನ್ನು ಇಲಾಖೆ ನಿಷೇಧಿಸಬಹುದು. ಹೂಟ್ ಔಲ್ ನಿರ್ಬಂಧ ಅನ್ನುತ್ತಾರೆ. ನದಿಗಳಲ್ಲಿ ಮಾಪಕಗಳಿವೆ, ನೀರಿನ ಹರಿವು, ಅನೇಕ ಕಡೆ ಬಿಸಿಯೂ ಫೋನಿನಲ್ಲೇ ಕಾಣುತ್ತದೆ. ಮಗಳು ಬೆಳಿಗ್ಗೆ ಅದನ್ನು ನೋಡಿಯೇ ಎಲ್ಲಿಗೆ ಹೋಗುವುದೆಂದು ಹೇಳುತ್ತಾಳೆ.

ನಿಯಮ ಪುಸ್ತಕದಲ್ಲಷ್ಟೇ ಇಲ್ಲ. 2016ರ ಆಗಸ್ಟಿನಲ್ಲಿ ಯೆಲ್ಲೊಸ್ಟೋನ್ ನದಿಯಲ್ಲಿ ವೈಟ್‌ಫಿಶ್‌ಗಳು ಸಾವಿರಗಟ್ಟಲೆ ಸತ್ತವು. ಮೂತ್ರಪಿಂಡಕ್ಕೆ ತಗಲುವ ಪರೋಪಜೀವಿ ಕಾರಣ. ನೀರು ಇಳಿದು ಕಾದದ್ದು ಅದಕ್ಕೆ ಬಲ ಕೊಟ್ಟಿತ್ತು. ಇಲಾಖೆ 183 ಮೈಲಿ ನದಿಯನ್ನು ಉಪನದಿಗಳ ಸಮೇತ ಮುಚ್ಚಿತು. ಗಾಳ ಮಾತ್ರವಲ್ಲ, ದೋಣಿ, ಈಜು ಎಲ್ಲವೂ ಬಂದ್. ದೋಣಿ ನಡೆಸಿ, ಪ್ರವಾಸಿಗಳಿಗೆ ಮೀನು ತೋರಿಸಿ ವರ್ಷದ ಸಂಪಾದನೆಯನ್ನು ಎರಡು ತಿಂಗಳಲ್ಲಿ ಮಾಡಿಕೊಳ್ಳುವವರ ಊರುಗಳು ಇವು. ಆ ನಷ್ಟ ಸಣ್ಣದಲ್ಲ. ಹಾಗಿದ್ದೂ ಮುಚ್ಚಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ನಿನಗೆ ಹಿಡಿಸೀತು. 1974ರಿಂದ ಇವರು ಟ್ರೌಟ್ ಹೊಳೆಗಳಿಗೆ ಸಾಕಿದ ಮರಿ ತಂದು ಬಿಡುವುದನ್ನೇ ನಿಲ್ಲಿಸಿದ್ದಾರೆ. ಇದೇ ಮ್ಯಾಡಿಸನ್‌ನಲ್ಲಿ ನಡೆದ ಅಧ್ಯಯನ, ಸಾಕಿದ ಮೀನು ಬಿಟ್ಟಷ್ಟೂ ಹೊಳೆಯಲ್ಲೇ ಹುಟ್ಟಿದ ಮೀನು ಕಡಿಮೆಯಾಗುತ್ತದೆ ಎಂದು ತೋರಿಸಿತ್ತು. ಸತ್ತರೆ ಮತ್ತೆ ತಂದು ತುಂಬುವ ದಾರಿ ಇಲ್ಲವಾದಾಗ, ಇರುವ ಮೀನಿಗೆ ತಣ್ಣನೆಯ ನೀರು ಉಳಿಸುವುದೊಂದೇ ಕೆಲಸ.

ನಮ್ಮ ಕಡೆ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಮೆಟ್ಟಿಲಲ್ಲಿ ದೇವರ ಮೀನು ಎಂದು ಜನ ಮುಟ್ಟುವುದಿಲ್ಲ. ಆ ಕಟ್ಟಳೆ ದೊಡ್ಡದು. ಆದರೆ ಅಲ್ಲಿಂದ ಮೇಲೆ, ಕೆಳಗೆ ಇರುವ ಗುಂಡಿಗಳಿಗೆ ಆ ಕಟ್ಟಳೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತುಂಗೆ ಬತ್ತಿ ಮೀನೆಲ್ಲ ಗುಂಡಿಗೆ ಸೇರಿದಾಗಲೇ ತೋಟೆ ಹಾಕುವವರು, ಬ್ಲೀಚಿಂಗ್ ಪುಡಿ ಸುರಿಯುವವರು ಬರುತ್ತಾರೆ. ನಮ್ಮ ಮೀನು ಟ್ರೌಟ್ ಅಲ್ಲ, ಇಲ್ಲಿಯವಕ್ಕಿಂತ ಹೆಚ್ಚು ಬಿಸಿ ತಡೆಯುತ್ತವೆ. ತಡೆಯಲಾಗದ ಮಿತಿ ಅವಕ್ಕೂ ಇದ್ದೇ ಇದೆ.

ಬರುವಾಗ ಒಂದು ಥರ್ಮಾಮೀಟರ್ ತರುತ್ತೇನೆ. ಮುಂದಿನ ಬೇಸಿಗೆಯಲ್ಲಿ ತೋಟದ ಕೆಳಗಿನ ಗುಂಡಿಯ ನೀರನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದು ನಿನ್ನ ಮಳೆ ಲೆಕ್ಕದ ಪುಸ್ತಕದಲ್ಲೇ ಬರೆದಿಡು. ಮಳೆ ಹಿಡಿಯುವವರೆಗೆ ಅಲ್ಲಿ ಯಾರೂ ಗಾಳವನ್ನಾಗಲಿ ಬಲೆಯನ್ನಾಗಲಿ ಹಾಕಬಾರದೆಂದು ಪಂಚಾಯಿತಿಯಲ್ಲಿ ಹೇಳು. ನೀನು ಹೇಳಿದರೆ ಕೇಳುತ್ತಾರೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ ತಮ್ಮ