ಯಾರ ಹಸಿರು?

ಫೆಬ್ರವರಿಯ ಬಂಡೀಪುರ, ಉಪಗ್ರಹದ ಕಣ್ಣಲ್ಲಿ. ಮತ್ತಿ, ದಿಂಡಿಗ, ತೇಗ ಎಲ್ಲವೂ ಎಲೆ ಉದುರಿಸಿ ನಿಂತಿರುವ ಕಾಲ. ಚಿತ್ರವೆಲ್ಲ ಕಂದಾಗಿರಬೇಕಿತ್ತು. ಆದರೂ ಅಲ್ಲಲ್ಲಿ ಹಸಿರು. ಹೊಳೆಯಂಚಿನದಾದರೆ ಸರಿ; ಹೊಳೆಯೇ ಇಲ್ಲದ ಕಡೆ ಇರುವುದು ಏನು? ಬಹುಶಃ ಕಾಡಿನೊಳಗೆ ಹಬ್ಬಿದ ಲಂಟಾನ ಪೊದೆ ಎನ್ನುತ್ತಾರೆ ಸಂಶೋಧಕರು. ಮಳೆಗಾಲದ ಚಿತ್ರ ತೋರಿಸಿ ಕೇಳಿದರೆ ಅವರೂ ಹೇಳಲಾರರು. ಆಗ ಮೇಲಿನ ಎಲೆ ಕೆಳಗಿನದನ್ನು ಮುಚ್ಚಿರುತ್ತದೆ, ಸಾಲದ್ದಕ್ಕೆ ಮೋಡ. ಮರ ಬೋಳಾದಾಗಲೇ ಪೊದೆ ಸಿಕ್ಕಿಬೀಳುವುದು. ಬರ ಬಿದ್ದ ವರ್ಷ ಲಂಟಾನವೂ ಎಲೆ ಉದುರಿಸಿ ತಪ್ಪಿಸಿಕೊಳ್ಳುತ್ತದಂತೆ!

*

ಹಸಿರನ್ನು ಅಳೆಯುವ ಲೆಕ್ಕ ಬಲು ಸರಳ. ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪನ್ನು ಹೊರಗೆಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಹಸಿರಿನ ಅಂಕ ಸಿಕ್ಕಿತು. 1970ರ ದಶಕದಿಂದ ಇದೇ ಲೆಕ್ಕ. ತೊಂದರೆ ಏನೆಂದರೆ ಎಲೆಯ ಮೇಲೆ ಎಲೆ ಮೂರ್ನಾಲ್ಕು ಪದರ ಆಗುತ್ತಿದ್ದಂತೆ ಈ ಸಂಖ್ಯೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಶತಮಾನಗಳ ಹೆಮ್ಮರಗಳ ಕಾಡಿಗೂ ಮೊನ್ನೆ ಮೊನ್ನೆ ಎದ್ದ ದಟ್ಟ ಪೊದೆಗೂ ಒಂದೇ ಅಂಕ. ಇಷ್ಟು ಉದಾರವಾಗಿ ಅಂಕ ಕೊಡುವ ಪರೀಕ್ಷಕರು ನಮ್ಮ ಕಾಲದಲ್ಲಿ ಎಲ್ಲಿದ್ದರೋ.

*

ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ‘ಅರಣ್ಯ ಹೊದಿಕೆ’ ಎಂದರೆ: ಕನಿಷ್ಠ 1 ಹೆಕ್ಟೇರ್ ನೆಲ, ಅದರಲ್ಲಿ ಮರದ ನೆರಳು ಶೇ 10ಕ್ಕಿಂತ ಹೆಚ್ಚು. ಜಮೀನು ಯಾರದು, ಮರ ಯಾವುದು ಎಂಬ ಪ್ರಶ್ನೆಯೇ ಇಲ್ಲ. ಹಾಗಾದರೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟವೂ ಸೈ, ಅಡಿಕೆ ತೋಟವೂ ಸೈ. ಕರ್ನಾಟಕದ ಹಸಿರು ಹೆಚ್ಚಿತು ಎಂಬ ಸುದ್ದಿ ಓದುವಾಗ ಹೆಚ್ಚಿದ್ದು ಕಾಡೋ ತೋಟವೋ ಎಂದು ಕೇಳಬೇಕು. ವರದಿ ಸುಳ್ಳು ಹೇಳುತ್ತಿಲ್ಲ. ನಾವು ಅದಕ್ಕೆ ಕೇಳಿದ್ದೇ ಬೇರೆ ಪ್ರಶ್ನೆ.

*

ಕೊಡಗಿನ ಉಪ್ಪಂಗಳದ ನಿತ್ಯಹರಿದ್ವರ್ಣ ಕಾಡಿನಲ್ಲಿ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು ಮೂರು ದಶಕಗಳಿಂದ ಮರ ಅಳೆಯುತ್ತಿದ್ದಾರೆ. ಹಸಿರಿನ ಅಂಕ ಕೈಕೊಡುವ ಜಾಗ ಇಂಥದ್ದೇ. ಅದಕ್ಕೆ ಕೆಲವರು ಬಣ್ಣ ಬಿಟ್ಟು ಒರಟುತನ ನೋಡತೊಡಗಿದರು. ಮರಗಳ ನೆತ್ತಿ ದೊಡ್ಡದೋ ಸಣ್ಣದೋ, ಒತ್ತೊತ್ತಾಗಿದೆಯೋ ಬಿಡಿಯಾಗಿದೆಯೋ, ಅದರಿಂದ ಕಾಂಡಗಳ ತೂಕದ ಅಂದಾಜು. ತೇರಿನ ದಿನ ಮಾಳಿಗೆಯಿಂದ ತಲೆಗಳನ್ನು ನೋಡಿ ಜನರ ವಯಸ್ಸು ಹೇಳಿದ ಹಾಗೆ. ನಂಬಿಕೆ ಬಾರದು, ಆದರೆ ಪಶ್ಚಿಮ ಘಟ್ಟದಲ್ಲಿ ಗೂಗಲ್ ಅರ್ತ್‌ನ ಚಿತ್ರಗಳಿಂದಲೇ ಇದನ್ನು ಮಾಡಿ 2012ರಲ್ಲಿ ಪ್ರಕಟಿಸಿದರು.

*

ಎಲ್ಲ ಅಂದಾಜಿನ ಕೆಳಗೆ ಒಂದು ಟೇಪು ಇದೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಗುರುತು ಹಾಕಿಕೊಂಡು, 1 ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಈಗಲೂ ಎಣಿಸುತ್ತಿದ್ದಾರೆ. ಅಲ್ಲಿ ಕೆಳಸ್ತರದ ಬೆಂಡೆ ಮರಗಳನ್ನು ಆನೆಗಳು ಮುರಿದು ತಿಂದು ಆ ಮರಗಳ ಸಂಖ್ಯೆ ಕುಸಿದುಹೋಯಿತು. ಅರಣ್ಯ ಸರ್ವೇಕ್ಷಣೆ ಬಳಸುವ ಉಪಗ್ರಹಕ್ಕೆ ಈ 50 ಹೆಕ್ಟೇರ್ ಎಂದರೆ 23.5 ಮೀಟರಿನ ಸುಮಾರು ಒಂಬೈನೂರು ಚೌಕಗಳು. ಮೇಲೆ ನಂದಿ, ಮತ್ತಿ ನೆರಳು ಹರಡಿ ನಿಂತಿರುವಾಗ ಬೆಂಡೆ ಹೋದ ಸುದ್ದಿ ಯಾವ ಚೌಕದಲ್ಲಿ ಬಂದೀತು?

ಇನ್ನೊಂದು ಸಂಶಯ. ದಟ್ಟ ಮರದಡಿ ಕೈಯಲ್ಲಿರುವ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಸೆಂಟಿನೆಲ್-2 ಉಪಗ್ರಹದ ಒಂದು ಚೌಕವೇ 10 ಮೀಟರ್. ನಾನು ಒರಗಿ ನಿಂತ ಮರ ಯಾವ ಚೌಕದ್ದು?

*

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣಗೆಲೆಯಷ್ಟೇ ಸುಡುವ, ಕಡಿಮೆ ಎತ್ತರದ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು, ಲಂಟಾನ ಹಬ್ಬಿತು ಎಂಬುದು ಅವರ ವಾದ. ನೆಲದ ಮೇಲಿನ ಎಣಿಕೆಯಲ್ಲಿ 1997ರಿಂದ 2008ರೊಳಗೆ ಲಂಟಾನ ಕಂಡ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಬೆಂಕಿ ನಿಂತದ್ದೇ ಕಾರಣವೇ? ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನನಗೆ ಸೋಲಿಗರ ಮಾತಿನತ್ತಲೇ ಮನಸ್ಸು ವಾಲುತ್ತದೆ.

ಉಪಗ್ರಹದಲ್ಲಿ ಬೆಂಕಿ ಎಂದರೆ ಒಂದು ಚುಕ್ಕೆ. ಬೆಂಕಿ ಹುಡುಕುವ ವಿಐಐಆರ್‌ಎಸ್ ಉಪಕರಣದ ಚೌಕ 375 ಮೀಟರ್. ಅದು ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸು. ಸಂಜೆ ನಾಲ್ಕಕ್ಕೆ ಹತ್ತಿ ಏಳಕ್ಕೆ ಆರಿದ ತರಗು ಬೆಂಕಿ ಅದರ ಬೆಂಕಿಗಳ ಪಟ್ಟಿಯಲ್ಲಿ ಇರುವುದೇ ಇಲ್ಲ. ಕಾಡನ್ನು ನುಂಗಿದ್ದು ಮಾತ್ರ ದಾಖಲಾಗುತ್ತದೆ. ಮುಂದೊಂದು ದಿನ ಯಾರೋ ಆ ಪಟ್ಟಿ ಹಿಡಿದು, ಬೆಂಕಿ ಎಂದರೆ ಯಾವಾಗಲೂ ಹೀಗೇ ಎಂದು ಬರೆದಾರು.

*

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಮೇಲೇರಿತು. ನಾಸಾ ಮತ್ತು ಇಸ್ರೋ ಒಟ್ಟಿಗೆ ಮಾಡಿದ ರಾಡಾರ್ ಉಪಗ್ರಹ. ಮೋಡಕ್ಕೆ ಜಗ್ಗುವುದಿಲ್ಲ, 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಅದರ 24 ಸೆಂಟಿಮೀಟರಿನ ಅಲೆ ಎಲೆಯನ್ನು ದಾಟಿ ಕೊಂಬೆ, ಕಾಂಡಕ್ಕೆ ತಾಗಿ ವಾಪಸು ಬರುತ್ತದೆ. ಮರಗಳ ತೂಕ ಹೆಕ್ಟೇರಿಗೆ ಸುಮಾರು 100 ಟನ್ ಮೀರಿದ ಮೇಲೆ ಇದಕ್ಕೂ ವ್ಯತ್ಯಾಸ ತಿಳಿಯದು, ಹಾಗಾಗಿ ಘಟ್ಟದ ಹೆಮ್ಮರಗಳು ಇದರ ಲೆಕ್ಕಕ್ಕೂ ಮೀರಿದವು. ಒಣಕಾಡಿನಲ್ಲಿ ಕೆಲಸಕ್ಕೆ ಬಂದೀತು.

ಆದರೆ ಲಂಟಾನಕ್ಕೂ ಕಾಂಡವಿದೆ, ಆಳೆತ್ತರಕ್ಕೂ ಮೀರಿ ಹೆಣೆದುಕೊಳ್ಳುತ್ತದೆ. ರಾಡಾರ್ ಅದನ್ನು ಎಳೆಯ ಕಾಡೆಂದು ಬರೆದುಕೊಂಡರೆ? ಉತ್ತರ ಬೇಕಾದರೆ ಅಳತೆಯ ಚೌಕ ಹಾಕಿ, ಪೊದೆ ಕಡಿದು, ಒಣಗಿಸಿ, ತೂಗಬೇಕು. ಹಾಗೆ ತೂಗಲು ಹೊರಟವರು ಮೊದಲು ವಿಚಾರಿಸುವುದು ಆ ಪೊದೆಯಾಚೆ ಆನೆ ಇದೆಯೇ ಎಂದು. ಅದು ಸೋಲಿಗ ಸಹಾಯಕರಿಗೆ ಗೊತ್ತಿರುತ್ತದೆ.